ದೂರು ಖಳನಾಯಕನದು: ಸೂಪರ್‌ಹೀರೋ ಚಿತ್ರಗಳಲ್ಲಿ ನ್ಯಾಯದ ಪ್ರಶ್ನೆ

ಸೂಪರ್‌ಹೀರೋ ಚಿತ್ರವೆಂದರೆ ಕಾನೂನಿನ ಹೊರಗೆ ನಿಂತು ನ್ಯಾಯ ಕೊಡಿಸಹೊರಟವನ ಕಥೆ. ಅವನಿಗೆ ಸರ್ಕಾರ ಅಧಿಕಾರ ಕೊಟ್ಟಿರುವುದಿಲ್ಲ, ಜನ ಮತ ಹಾಕಿರುವುದಿಲ್ಲ, ಅವನು ತಪ್ಪಿದರೆ ಮೇಲ್ಮನವಿ ಸಲ್ಲಿಸಲು ಜಾಗವೂ ಇರುವುದಿಲ್ಲ. ಹೆಸರು ಮರೆಸಿ, ಮುಖ ಮುಚ್ಚಿ ರಾತ್ರಿ ಹೊರಡುತ್ತಾನೆ. ಬಾಗಿಲು ಮುರಿದು ಒಳನುಗ್ಗುತ್ತಾನೆ, ಬಡಿಯುತ್ತಾನೆ, ಕಟ್ಟಿಹಾಕಿ ಪೊಲೀಸರ ಮುಂದೆ ಕೆಡವಿ ಹೋಗುತ್ತಾನೆ. ಸಿನಿಮಾದ ಹೊರಗೆ ಇದನ್ನು ಮಾಡಿದವನ ಮೇಲೆ ಅತಿಕ್ರಮ ಪ್ರವೇಶ, ಹಲ್ಲೆ, ಅಕ್ರಮ ಬಂಧನದ ಮೊಕದ್ದಮೆಗಳು ಬೀಳುತ್ತವೆ. ಒಂದು ಭೂಪ್ರದೇಶದೊಳಗೆ ಬಲಪ್ರಯೋಗದ ನ್ಯಾಯಸಮ್ಮತ ಹಕ್ಕು ತನಗೆ ಮಾತ್ರ ಸೇರಿದ್ದೆಂದು ಸಾಧಿಸಿಕೊಂಡ ವ್ಯವಸ್ಥೆಯೇ ರಾಜ್ಯ ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1919ರ ಉಪನ್ಯಾಸವೊಂದರಲ್ಲಿ ವಿವರಿಸಿದ್ದ. ಆ ಹಕ್ಕಿನಲ್ಲಿ ಪಾಲು ಕೇಳುವವನು ಸೂಪರ್‌ಹೀರೋ. ಹೀಗಾಗಿ ಪ್ರಭುತ್ವ, ಕಾನೂನು, ನ್ಯಾಯ ಇವುಗಳ ನಡುವಿನ ಸಂಬಂಧವೇನು ಎಂಬ ಪ್ರಶ್ನೆಯನ್ನು ಈ ಚಿತ್ರಗಳಿಗೆ ಯಾರೂ ಹೊರಗಿನಿಂದ ಅಂಟಿಸಬೇಕಾಗಿಲ್ಲ. ಕಥೆಯ ಮೂಲ ಏರ್ಪಾಡಿನಲ್ಲೇ ಅದಿದೆ.

ಕಳೆದ ಕಾಲು ಶತಮಾನದ ಮುಖ್ಯ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಚಿತ್ರ ಹಂಚಿಕೆ ಕಾಣುತ್ತದೆ. ಸಮಾಜದ ಮೇಲೆ ದೂರು ಹೇಳುವವನು ಖಳನಾಯಕ, ತೀರ್ಪು ಕೊಡುವವನು ನಾಯಕ. ದೂರು ಬಹಳ ಸಲ ನಿಜವಾದದ್ದೇ ಆಗಿರುತ್ತದೆ. ಆದರೆ ದೂರು ಹೇಳಿದವನ ಕೈಯಲ್ಲಿ ಚಿತ್ರಕಥೆ ಬೇಗನೆ ನಾಲ್ಕು ಕೊಲೆ ಮಾಡಿಸಿಬಿಡುತ್ತದೆ. ಅಲ್ಲಿಂದ ಮುಂದೆ ಕೊಲೆಗಾರನನ್ನು ತಡೆಯುವುದೇ ಕಥೆಯಾಗುತ್ತದೆ, ದೂರು ಮೂಲೆಗೆ ಸರಿಯುತ್ತದೆ. ಆರೋಪಪಟ್ಟಿ ಬರೆಯುವಾಗ ಈ ಚಿತ್ರಗಳಿಗಿರುವ ಧೈರ್ಯ ತೀರ್ಪಿನ ಹೊತ್ತಿಗೆ ಉಳಿದಿರುವುದು ಅಪರೂಪ.

ಆರಂಭದಲ್ಲಿ ಹೀಗಿರಲಿಲ್ಲ. 1938ರ ಜೂನ್ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡಾಗ ದೂರು, ತೀರ್ಪು ಎರಡೂ ಅವನವೇ ಆಗಿದ್ದವು. ಅವನನ್ನು ಸೃಷ್ಟಿಸಿದ ಜೆರಿ ಸೀಗಲ್ ಮತ್ತು ಜೋ ಶೂಸ್ಟರ್ ಕ್ಲೀವ್‌ಲ್ಯಾಂಡ್ ನಗರದ ಇಬ್ಬರು ಯುವಕರು, ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಆರ್ಥಿಕ ಕುಸಿತದ ದಶಕ ಅದು. ಮೊದಲ ಸಂಚಿಕೆಯಲ್ಲೇ ಸೂಪರ್‌ಮ್ಯಾನ್ ಗವರ್ನರ್ ಮನೆಯ ಬಾಗಿಲು ಮುರಿದು ಒಳನುಗ್ಗಿ, ಮರಣದಂಡನೆಗೆ ಗುರಿಯಾಗಿದ್ದ ನಿರಪರಾಧಿ ಹೆಂಗಸೊಬ್ಬಳನ್ನು ಉಳಿಸುತ್ತಾನೆ. ಹೆಂಡತಿಯನ್ನು ಹೊಡೆಯುವ ಗಂಡನಿಗೆ ಬುದ್ಧಿ ಕಲಿಸುತ್ತಾನೆ. ಸೆನೆಟರ್ ಒಬ್ಬನನ್ನು ಕೊಂಡುಕೊಂಡ ದಲ್ಲಾಳಿಯ ಬೆನ್ನು ಹತ್ತುತ್ತಾನೆ. ಮುಂದಿನ ಸಂಚಿಕೆಯೊಂದರಲ್ಲಿ ಕಾರ್ಮಿಕರ ಸುರಕ್ಷತೆಯನ್ನು ಕಡೆಗಣಿಸಿದ ಗಣಿ ಮಾಲೀಕನನ್ನು ಅವನ ಅತಿಥಿಗಳ ಸಮೇತ ಅದೇ ಗಣಿಯಲ್ಲಿ ಸಿಕ್ಕಿಹಾಕಿಸುತ್ತಾನೆ. ಎಂಟನೆಯ ಸಂಚಿಕೆಯಲ್ಲಂತೂ ಕೊಳೆಗೇರಿಯನ್ನೇ ಕೆಡವುತ್ತಾನೆ, ಸರ್ಕಾರ ಅಲ್ಲಿ ಒಳ್ಳೆಯ ಮನೆಗಳನ್ನು ಕಟ್ಟಿಕೊಡಲೇಬೇಕಾಗಲಿ ಎಂದು. ಆತ ಕಾನೂನು ಮುರಿಯುತ್ತಿದ್ದ, ಮುರಿಯುತ್ತಿರುವುದು ಅವನಿಗೂ ಗೊತ್ತಿತ್ತು. ಕಾನೂನು ಯಾರ ಪರ ಇದೆ ಎಂಬುದರ ಬಗ್ಗೆ ಅವನಿಗೆ ಖಚಿತ ಅಭಿಪ್ರಾಯವಿತ್ತು. ಇಷ್ಟೆಲ್ಲ ನ್ಯಾಯ ಹಂಚಿದ ಆ ಪಾತ್ರದ ಹಕ್ಕನ್ನು ಸೀಗಲ್ ಮತ್ತು ಶೂಸ್ಟರ್ 130 ಡಾಲರಿಗೆ ಮಾರಿಕೊಂಡಿದ್ದರು. ದಶಕಗಳ ಕೋರ್ಟು ಕಚೇರಿ ಅಲೆದಾಟದ ನಂತರ, 1975ರಲ್ಲಿ, ಸೂಪರ್‌ಮ್ಯಾನ್ ದೊಡ್ಡ ಚಿತ್ರವಾಗುವ ಸಿದ್ಧತೆ ನಡೆದಿದ್ದಾಗ, ಸಾರ್ವಜನಿಕರ ಒತ್ತಡದಿಂದಾಗಿ ಅವರಿಗೆ ವರ್ಷಾಶನ ಗೊತ್ತಾಯಿತು, ಹೆಸರೂ ಮರಳಿ ಸಿಕ್ಕಿತು.

ಈ ಜಗಳಗಂಟ ಸೂಪರ್‌ಮ್ಯಾನ್ ಹೆಚ್ಚು ದಿನ ಉಳಿಯಲಿಲ್ಲ. ಎರಡನೆಯ ಮಹಾಯುದ್ಧ ಅವನನ್ನು ದೇಶಭಕ್ತನನ್ನಾಗಿ ಮಾಡಿತು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ದಮ್ ಕಾಮಿಕ್ಸ್ ಪುಸ್ತಕಗಳು ಮಕ್ಕಳನ್ನು ಕೆಡಿಸುತ್ತಿವೆ ಎಂದು ದೊಡ್ಡ ಪುಸ್ತಕವನ್ನೇ ಬರೆದ. ಅಮೆರಿಕದ ಸೆನೆಟ್ ಉಪಸಮಿತಿ ಅದೇ ವರ್ಷ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಒಂದು ನಿಯಮಾವಳಿ ಮಾಡಿಕೊಂಡರು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಹುಟ್ಟುವಂತೆ ಬರೆಯಕೂಡದು, ಅಪರಾಧಿಯ ಮೇಲೆ ಕನಿಕರ ಬರುವಂತೆ ಚಿತ್ರಿಸಕೂಡದು, ಕೊನೆಗೆ ಒಳ್ಳೆಯದೇ ಗೆಲ್ಲಬೇಕು ಎಂಬಂಥ ಕಟ್ಟುಪಾಡುಗಳು ಅದರಲ್ಲಿದ್ದವು. ವ್ಯವಸ್ಥೆಯ ತಪ್ಪು ಹೇಳಲು ನಾಯಕನಿಗಿದ್ದ ಬಾಯಿ ಅಲ್ಲಿಗೆ ಕಟ್ಟಿತು. ಮಾರ್ವೆಲ್, ಡಿಸಿ ಸಂಸ್ಥೆಗಳ ಈಗಿನ ಚಿತ್ರಗಳಲ್ಲಿ ದೂರು ಖಳನಾಯಕನ ಬಾಯಲ್ಲೇ ಏಕೆ ಬರುತ್ತದೆ ಎಂಬುದಕ್ಕೆ ಅರ್ಧ ಉತ್ತರ ಈ ಇತಿಹಾಸದಲ್ಲಿದೆ. ನಿಯಮಾವಳಿ 2011ರ ಹೊತ್ತಿಗೆ ಪೂರ್ತಿ ಬಿದ್ದುಹೋಯಿತಾದರೂ ಅದು ಕಲಿಸಿದ ಪಾತ್ರಹಂಚಿಕೆ ಉಳಿದುಕೊಂಡಿತು.

ಇಟಲಿಯ ಉಂಬರ್ತೊ ಎಕೊ 1962ರಲ್ಲೇ ಸೂಪರ್‌ಮ್ಯಾನ್ ಕುರಿತ ಪ್ರಬಂಧದಲ್ಲಿ ಇದರ ಮರ್ಮ ಹಿಡಿದಿದ್ದ. ಬೆಟ್ಟ ಎತ್ತಬಲ್ಲವನು, ಹಸಿವನ್ನೇ ಲೋಕದಿಂದ ಓಡಿಸಬಲ್ಲವನು ಒಂದು ಸಣ್ಣ ಊರಿನ ಬ್ಯಾಂಕ್ ಕಳ್ಳರ ಹಿಂದೆ ಓಡುತ್ತಾನೆ. ಅವನ ಮಟ್ಟಿಗೆ ಕೆಡುಕು ಎಂದರೆ ಖಾಸಗಿ ಆಸ್ತಿಯ ಮೇಲಿನ ದಾಳಿ, ಒಳಿತು ಎಂದರೆ ದಾನಧರ್ಮ. ಪೌರಪ್ರಜ್ಞೆ ಉಂಟು, ರಾಜಕೀಯ ಪ್ರಜ್ಞೆ ಇಲ್ಲ ಎಂಬುದು ಎಕೊನ ವಾದ. ಕಾಮಿಕ್ಸ್ ಬರೆಯುವವರಿಗೂ ಈ ಮಾತು ಚುಚ್ಚುತ್ತಿತ್ತೆಂದು ಕಾಣುತ್ತದೆ. 1970ರಲ್ಲಿ ಡೆನ್ನಿ ಓನೀಲ್ ಬರೆದು ನೀಲ್ ಆ್ಯಡಮ್ಸ್ ಚಿತ್ರಿಸಿದ ‘ಗ್ರೀನ್ ಲ್ಯಾಂಟರ್ನ್’ ಕಥೆಯಲ್ಲಿ ವಯಸ್ಸಾದ ಕಪ್ಪು ಜನಾಂಗದವನೊಬ್ಬ ನಾಯಕನನ್ನು ನಿಲ್ಲಿಸಿ ಕೇಳುತ್ತಾನೆ: ದೂರದ ಗ್ರಹಗಳ ಬಣ್ಣಬಣ್ಣದ ಚರ್ಮದವರಿಗೆಲ್ಲ ನೆರವಾದ ನೀನು ಇಲ್ಲಿನ ಕಪ್ಪು ಚರ್ಮದವರಿಗೆ ಏನು ಮಾಡಿದೆ ಎಂದು. ನಾಯಕನ ಬಳಿ ಉತ್ತರವಿಲ್ಲ, ತಲೆ ತಗ್ಗಿಸುತ್ತಾನೆ. ಈ ಪ್ರಕಾರದಲ್ಲಿ ಇಷ್ಟು ಪ್ರಾಮಾಣಿಕವಾದ ಚೌಕಟ್ಟುಗಳು ಹೆಚ್ಚಿಲ್ಲ.

ಸಿನಿಮಾದಲ್ಲಿ ಗಂಭೀರ ಘಟ್ಟ ಆರಂಭವಾಗುವುದು 2000ದಲ್ಲಿ ಬಂದ ‘ಎಕ್ಸ್-ಮೆನ್’ ಚಿತ್ರದಿಂದ. 1978ರ ‘ಸೂಪರ್‌ಮ್ಯಾನ್’, 1989ರ ‘ಬ್ಯಾಟ್‌ಮ್ಯಾನ್’ ಜನಪ್ರಿಯವಾಗಿದ್ದವು, ಸೊಗಸಾಗಿಯೂ ಇದ್ದವು. ಸಮಾಜದ ಬಗ್ಗೆ ಅವಕ್ಕೆ ಹೇಳುವುದು ಬಹಳವಿರಲಿಲ್ಲ. ‘ಎಕ್ಸ್-ಮೆನ್’ ತೆರೆದುಕೊಳ್ಳುವುದು 1944ರ ಪೋಲೆಂಡಿನ ನಾಜಿ ಸೆರೆಶಿಬಿರದ ಬಾಗಿಲಲ್ಲಿ. ಮಳೆಯಲ್ಲಿ ತಾಯ್ತಂದೆಯಿಂದ ಬೇರ್ಪಡುವ ಯಹೂದಿ ಹುಡುಗ ಎರಿಕ್ ಮುಂದೆ ಖಳನಾಯಕ ಮ್ಯಾಗ್ನೀಟೊ ಆಗುತ್ತಾನೆ. ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದ ‘ಮ್ಯೂಟೆಂಟ್’ಗಳ ಹೆಸರು ನೋಂದಾಯಿಸಬೇಕೆಂದು ಸೆನೆಟರ್ ಕೆಲ್ಲಿ ಮಸೂದೆ ತರುತ್ತಾನೆ. ಪಟ್ಟಿ ಮಾಡಿಸಿಕೊಂಡವರ ಗತಿ ಏನಾಗುತ್ತದೆಂದು ಎರಿಕ್‌ಗೆ ಗೊತ್ತು, ಅವನ ತೋಳಿನ ಮೇಲೆ ಶಿಬಿರದ ಸಂಖ್ಯೆ ಇನ್ನೂ ಇದೆ. ಅವನ ವಾದಕ್ಕೆ ಅನುಭವದ ಬಲವಿದೆ, ಎದುರಾಳಿ ಪ್ರೊಫೆಸರ್ ಎಕ್ಸ್ ಬಳಿ ಇರುವುದು ಆಶಾವಾದ ಮಾತ್ರ. 2003ರ ಎರಡನೆಯ ಚಿತ್ರದಲ್ಲಿ ಹದಿಹರೆಯದ ಹುಡುಗನೊಬ್ಬ ತಾನು ಮ್ಯೂಟೆಂಟ್ ಎಂದು ಮನೆಯವರಿಗೆ ತಿಳಿಸುತ್ತಾನೆ. ಮ್ಯೂಟೆಂಟ್ ಆಗದೇ ಇರಲು ಪ್ರಯತ್ನಿಸಿದ್ದೀಯಾ ಎಂದು ತಾಯಿ ಕೇಳುತ್ತಾಳೆ. ಸಲಿಂಗಿ ಮಕ್ಕಳು ಮನೆಯಲ್ಲಿ ಕೇಳುವ ಪ್ರಶ್ನೆಯೇ ಅದು. ಮ್ಯಾಗ್ನೀಟೊ ಪಾತ್ರ ಮಾಡಿದ ಇಯಾನ್ ಮೆಕೆಲನ್ ಈ ಸಾಮ್ಯದ ಕಾರಣಕ್ಕೇ ಚಿತ್ರ ಒಪ್ಪಿಕೊಂಡದ್ದಾಗಿ ಹೇಳಿದ್ದಾರೆ.

ಈ ರೂಪಕದಲ್ಲಿ ಒಂದು ದೊಡ್ಡ ಬಿರುಕೂ ಇದೆ. ಅಲ್ಪಸಂಖ್ಯಾತರ ಬಗೆಗಿನ ಭಯ ಆಧಾರವಿಲ್ಲದ್ದು. ಮ್ಯೂಟೆಂಟ್ ಹುಡುಗನಾದರೋ ಕಣ್ಣು ಬಿಟ್ಟರೆ ಗೋಡೆ ಒಡೆಯುತ್ತದೆ. ಅಂಥವರನ್ನು ಕಂಡು ನೆರೆಹೊರೆಯವರು ಹೆದರುವುದು ಸಹಜವೇ ಆಗಿಬಿಡುತ್ತದೆ, ಪೂರ್ವಗ್ರಹದ ವಿರುದ್ಧ ಹೊರಟ ಕಥೆ ಪೂರ್ವಗ್ರಹಕ್ಕೇ ಕಾರಣ ಒದಗಿಸುತ್ತದೆ. ಇದೇ ಮ್ಯೂಟೆಂಟ್‌ಗಳ ಬೊಂಬೆಗಳ ವಿಷಯದಲ್ಲಿ ಅಮೆರಿಕದ ಅಂತಾರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯ 2003ರಲ್ಲಿ ಕೊಟ್ಟ ತೀರ್ಪು ಯಾವ ಚಿತ್ರಕಥೆಗಿಂತಲೂ ಕಟಕಿಯಾಗಿದೆ. ಮನುಷ್ಯರೂಪದ ಬೊಂಬೆಗೆ ಆಮದು ಸುಂಕ ಶೇ. 12, ಮನುಷ್ಯೇತರ ಆಟಿಕೆಗೆ ಶೇ. 6.8. ಹಾಗಾಗಿ ಮಾರ್ವೆಲ್‌ಗೆ ಸೇರಿದ ಟಾಯ್ ಬಿಜ್ ಕಂಪನಿ ಎಕ್ಸ್-ಮೆನ್ ಪಾತ್ರಗಳು ಮನುಷ್ಯರಲ್ಲ ಎಂದು ವಾದಿಸಿ ಗೆದ್ದಿತು. ಅವರೂ ಮನುಷ್ಯರೇ ಎಂದು ನಾಲ್ಕು ದಶಕ ಕಥೆ ಹೇಳಿಕೊಂಡು ಬಂದವರ ಕಡೆಯಿಂದಲೇ ಬಂದ ವಾದ ಅದು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಈ ಚಿತ್ರಗಳ ಕೇಂದ್ರ ಪ್ರಶ್ನೆ ಬದಲಾಯಿತು. ಭಯೋತ್ಪಾದನೆಯ ಎದುರು ಪ್ರಭುತ್ವ ಎಷ್ಟು ದೂರ ಹೋಗಬಹುದು? ಅದೇ ಅಕ್ಟೋಬರಿನಲ್ಲಿ ಬಂದ ಪೇಟ್ರಿಯಟ್ ಕಾಯ್ದೆ, ವಿಚಾರಣೆಯಿಲ್ಲದ ಬಂಧನ, ಚಿತ್ರಹಿಂಸೆ, ಬೇರೆ ದೇಶದಿಂದ ಶಂಕಿತರನ್ನು ಹೊತ್ತು ತರುವ ಗುಪ್ತ ಕಾರ್ಯಾಚರಣೆ ಇವೆಲ್ಲ ಅಮೆರಿಕದಲ್ಲಿ ಬಿಸಿ ಚರ್ಚೆಯ ವಿಷಯಗಳಾಗಿದ್ದವು. ಕ್ರಿಸ್ಟಫರ್ ನೋಲನ್ ನಿರ್ದೇಶನದ ‘ದ ಡಾರ್ಕ್ ನೈಟ್’ (2008) ಇವುಗಳಲ್ಲಿ ಒಂದನ್ನೂ ಬಿಟ್ಟಿಲ್ಲ. ಪಾತಕಿಗಳ ಲೆಕ್ಕಿಗ ಲಾವ್ ಹಾಂಗ್‌ಕಾಂಗ್‌ಗೆ ಓಡಿಹೋಗುತ್ತಾನೆ, ಚೀನಾ ಅವನನ್ನು ಒಪ್ಪಿಸುವುದಿಲ್ಲ. ಬ್ಯಾಟ್‌ಮ್ಯಾನ್ ಹೋಗಿ ಗಗನಚುಂಬಿ ಕಟ್ಟಡದಿಂದ ಅವನನ್ನು ಎತ್ತಿಕೊಂಡು ಬರುತ್ತಾನೆ. ಸರ್ಕಾರಿ ಅಭಿಯೋಜಕ ಹಾರ್ವಿ ಡೆಂಟ್ ಒಂದೇ ಏಟಿಗೆ 549 ಮಂದಿಯ ಮೇಲೆ ಮೊಕದ್ದಮೆ ಹೂಡುತ್ತಾನೆ. ಊಟದ ಮೇಜಿನಲ್ಲಿ ಕುಳಿತು ಅದೇ ಡೆಂಟ್, ಶತ್ರು ಬಾಗಿಲಿಗೆ ಬಂದಾಗ ರೋಮನ್ನರು ಪ್ರಜಾಪ್ರಭುತ್ವವನ್ನು ಬದಿಗಿಟ್ಟು ಒಬ್ಬನ ಕೈಗೆ ಎಲ್ಲ ಅಧಿಕಾರ ಕೊಡುತ್ತಿದ್ದರು ಎನ್ನುತ್ತಾನೆ. ಕೊನೆಯದಾಗಿ ಹಾಗೆ ಪಡೆದ ಸೀಸರ್ ಅದನ್ನು ವಾಪಸು ಕೊಡಲೇ ಇಲ್ಲ ಎಂದು ಡೆಂಟ್‌ನ ಗೆಳತಿ ರೇಚಲ್ ನೆನಪಿಸುತ್ತಾಳೆ. ಎರಡೂವರೆ ಗಂಟೆಯ ಚಿತ್ರದ ವಾಗ್ವಾದವೆಲ್ಲ ಈ ಎರಡು ಮಾತುಗಳಲ್ಲಿದೆ.

ಚಿತ್ರಹಿಂಸೆಯ ವಿಷಯದಲ್ಲಿ ನೋಲನ್ ನಿಲುವು ಸ್ಪಷ್ಟ. ಠಾಣೆಯ ವಿಚಾರಣಾ ಕೊಠಡಿಯಲ್ಲಿ ಬ್ಯಾಟ್‌ಮ್ಯಾನ್ ಖಳನಾಯಕ ಜೋಕರ್‌ನನ್ನು ಮನಬಂದಂತೆ ಬಡಿಯುತ್ತಾನೆ, ಹೊರಗೆ ಪೊಲೀಸರು ನಿಂತು ನೋಡುತ್ತಾರೆ. ಬಡಿತದಿಂದ ಬಾಯಿ ಬಿಟ್ಟದ್ದು ರೇಚಲ್ ಮತ್ತು ಡೆಂಟ್‌ರನ್ನು ಬಚ್ಚಿಟ್ಟ ಎರಡು ವಿಳಾಸ, ಅವೂ ಅದಲುಬದಲಾದವು. ರೇಚಲ್ ಸಾಯುತ್ತಾಳೆ. ಆದರೆ ಕಣ್ಗಾವಲಿನ ವಿಷಯಕ್ಕೆ ಬಂದಾಗ ಚಿತ್ರ ಎರಡು ದೋಣಿಯಲ್ಲಿ ಕಾಲಿಡುತ್ತದೆ. ಜೋಕರ್‌ನನ್ನು ಹುಡುಕಲು ಬ್ಯಾಟ್‌ಮ್ಯಾನ್ ಇಡೀ ನಗರದ ಮೊಬೈಲುಗಳನ್ನು ಕದ್ದಾಲಿಸುವ ಯಂತ್ರ ಕಟ್ಟಿದ್ದಾನೆ. ಇದು ತಪ್ಪು, ಈ ಯಂತ್ರ ಇರುವವರೆಗೆ ತಾನಿಲ್ಲಿ ಇರುವುದಿಲ್ಲ ಎಂದು ಅವನ ಸಹಾಯಕ ಲೂಶಿಯಸ್ ಫಾಕ್ಸ್ ಹೇಳುತ್ತಾನೆ, ಹೇಳಿಯೂ ಒಂದು ಸಲಕ್ಕೆ ಬಳಸುತ್ತಾನೆ. ಜೋಕರ್ ಸಿಕ್ಕಿಬೀಳುತ್ತಾನೆ, ಯಂತ್ರ ತಾನಾಗಿ ನಾಶವಾಗುವಂತೆ ಬ್ಯಾಟ್‌ಮ್ಯಾನ್ ಮೊದಲೇ ಏರ್ಪಾಡು ಮಾಡಿದ್ದಾನೆ. ತಪ್ಪೂ ಆಯಿತು, ಫಲವೂ ಸಿಕ್ಕಿತು, ಕೈಯೂ ಶುದ್ಧವಾಯಿತು. ಕೆಲಸ ಮುಗಿದ ಮೇಲೆ ತಾನೇ ಇಂಥ ಯಂತ್ರವನ್ನು ಕೆಡವಿಕೊಂಡ ಗುಪ್ತಚರ ಸಂಸ್ಥೆ ಇತಿಹಾಸದಲ್ಲಿ ಸಿಗುವುದು ಕಷ್ಟ. ಚಿತ್ರ ಬಂದ ವಾರದೊಳಗೆ ‘ವಾಲ್ ಸ್ಟ್ರೀಟ್ ಜರ್ನಲ್’ನ ಅಂಕಣವೊಂದು ಬ್ಯಾಟ್‌ಮ್ಯಾನ್‌ನನ್ನು ಅಧ್ಯಕ್ಷ ಬುಷ್‌ಗೆ ಹೋಲಿಸಿ ಹೊಗಳಿತು. ಅದೇ ಚಿತ್ರವನ್ನು ಬುಷ್ ನೀತಿಯ ಟೀಕೆಯೆಂದು ಓದಿದವರೂ ಇದ್ದರು. ಎರಡು ಓದಿಗೂ ಚಿತ್ರದಲ್ಲಿ ಆಧಾರ ಸಿಗುತ್ತದೆ.

ಜೋಕರ್ ಒಡ್ಡುವ ಎರಡು ಹಡಗುಗಳ ಪ್ರಸಂಗ ಇದಕ್ಕಿಂತ ಗಟ್ಟಿ. ಒಂದರಲ್ಲಿ ನಾಗರಿಕರು, ಇನ್ನೊಂದರಲ್ಲಿ ಕೈದಿಗಳು. ಒಬ್ಬರ ಹಡಗನ್ನು ಸ್ಫೋಟಿಸುವ ಗುಂಡಿ ಇನ್ನೊಬ್ಬರ ಕೈಯಲ್ಲಿ. ಮಧ್ಯರಾತ್ರಿಯೊಳಗೆ ಯಾರೂ ಒತ್ತದಿದ್ದರೆ ಎರಡೂ ಹೋಗುತ್ತವೆ. ನಾಗರಿಕರ ಹಡಗಿನಲ್ಲಿ ಚೀಟಿ ಬರೆದು ಮತ ಹಾಕುತ್ತಾರೆ: ಒತ್ತಬೇಕೆಂದವರು 396, ಬೇಡವೆಂದವರು 140. ಕಾನೂನುಬದ್ಧ ಬಹುಮತ ಕೊಲೆಯ ಪರ ಬಂದಿದೆ. ಆದರೂ ಗುಂಡಿ ಒತ್ತಲು ಒಬ್ಬನಿಗೂ ಕೈ ಬರುವುದಿಲ್ಲ. ಆಚೆ ಹಡಗಿನಲ್ಲಿ ಕೈದಿಯೊಬ್ಬ ಅಧಿಕಾರಿಯ ಕೈಯಿಂದ ಆ ಸಾಧನ ಪಡೆದು ಕಿಟಕಿಯಿಂದಾಚೆ ಎಸೆಯುತ್ತಾನೆ. ಬ್ಯಾಟ್‌ಮ್ಯಾನ್‌ನ ಶಕ್ತಿಯಿಂದ ಆದ ಬಿಡುಗಡೆಯಲ್ಲ ಇದು. ನಗರ ಆ ರಾತ್ರಿ ಉಳಿದದ್ದು ಹೆಸರಿಲ್ಲದವರ ಹಿಂಜರಿಕೆಯಿಂದ. ಸೂಪರ್‌ಹೀರೋ ಅನಗತ್ಯವಾದ ಇಂಥ ಗಳಿಗೆಯನ್ನು ಸೂಪರ್‌ಹೀರೋ ಚಿತ್ರವೊಂದು ತನ್ನ ನಡುವೆ ಇಟ್ಟುಕೊಂಡಿದೆ. ನೋಲನ್ ಅಲ್ಲಿಗೇ ನಿಲ್ಲಿಸದೆ ಕೊನೆಯಲ್ಲಿ ಜನರನ್ನು ಮತ್ತೆ ಅಪ್ರಬುದ್ಧರನ್ನಾಗಿ ಮಾಡುತ್ತಾನೆ. ಡೆಂಟ್ ಮಾಡಿದ ಕೊಲೆಗಳನ್ನು ಮುಚ್ಚಿಟ್ಟು ಅವನನ್ನು ಹುತಾತ್ಮನನ್ನಾಗಿ ತೋರಿಸಲು ಪೊಲೀಸ್ ಅಧಿಕಾರಿ ಗಾರ್ಡನ್ ಮತ್ತು ಬ್ಯಾಟ್‌ಮ್ಯಾನ್ ಒಪ್ಪಂದ ಮಾಡಿಕೊಳ್ಳುತ್ತಾರೆ. 2012ರ ಮುಂದಿನ ಚಿತ್ರದಲ್ಲಿ ಆ ಸುಳ್ಳಿನ ಮೇಲೆ ಒಂದು ಕಠಿಣ ಕಾಯ್ದೆಯೇ ನಿಂತಿದೆ, ಅದರಡಿ ಸಾವಿರ ಜನ ಸೆರೆಯಲ್ಲಿದ್ದಾರೆ. ಸುಳ್ಳನ್ನು ಬಯಲು ಮಾಡುವವನು ಖಳನಾಯಕ ಬೇನ್. ಕಾಯ್ದೆ ಸುಳ್ಳಿನ ಮೇಲೆ ನಿಂತಿದೆ ಎಂಬ ಅವನ ದೂರಿಗೆ ಚಿತ್ರ ಉತ್ತರಿಸುವುದೇ ಇಲ್ಲ. ಅವನ ಕೈಗೆ ಪರಮಾಣು ಬಾಂಬ್ ಕೊಟ್ಟು ಸುಮ್ಮನಾಗುತ್ತದೆ.

‘ಕ್ಯಾಪ್ಟನ್ ಅಮೆರಿಕ: ದ ವಿಂಟರ್ ಸೋಲ್ಜರ್’ (2014) ಕಣ್ಗಾವಲಿನ ವಿಷಯವನ್ನೇ ಇನ್ನೂ ನೇರವಾಗಿ ಎತ್ತಿಕೊಳ್ಳುತ್ತದೆ. ಬ್ಯಾಂಕ್ ವ್ಯವಹಾರ, ವೈದ್ಯಕೀಯ ದಾಖಲೆ, ಮತದಾನದ ರೂಢಿ, ಇಮೇಲ್ ಎಲ್ಲವನ್ನೂ ಓದಿ ಮುಂದೆ ಅಪಾಯವಾಗಬಹುದಾದವರ ಪಟ್ಟಿ ಮಾಡುವ ಗಣಿತಸೂತ್ರ. ಪಟ್ಟಿಯಲ್ಲಿದ್ದವರನ್ನು ಆಕಾಶದಿಂದ ಕೊಲ್ಲುವ ಮೂರು ಯುದ್ಧನೌಕೆಗಳು. ಅಪರಾಧಕ್ಕೆ ಮೊದಲೇ ಶಿಕ್ಷೆ. ಎಡ್ವರ್ಡ್ ಸ್ನೋಡೆನ್ 2013ರ ಜೂನ್‌ನಲ್ಲಿ ಅಮೆರಿಕ ಸರ್ಕಾರದ ಗುಪ್ತ ಕದ್ದಾಲಿಕೆಯನ್ನು ಬಯಲಿಗೆಳೆದಾಗ ಈ ಚಿತ್ರದ ಚಿತ್ರೀಕರಣ ನಡೆಯುತ್ತಲೇ ಇತ್ತು. ಯೋಜನೆಯ ಸೂತ್ರಧಾರನ ಪಾತ್ರಕ್ಕೆ ರಾಬರ್ಟ್ ರೆಡ್‌ಫರ್ಡ್ ಅವರನ್ನು ಹಾಕಿಕೊಂಡದ್ದು ಜಾಣ ಆಯ್ಕೆ: ಎಪ್ಪತ್ತರ ದಶಕದಲ್ಲಿ ಸರ್ಕಾರದ ಪಿತೂರಿಗಳನ್ನು ಭೇದಿಸುವ ಪಾತ್ರಗಳನ್ನು ಮಾಡಿದ್ದ ನಟ ಇಲ್ಲಿ ಪಿತೂರಿಯ ಕೇಂದ್ರದಲ್ಲಿದ್ದಾನೆ. ಇಷ್ಟೆಲ್ಲ ಮಾಡಿಯೂ ಚಿತ್ರ ಕಡೆಗೆ ಜಾರಿಕೊಳ್ಳುತ್ತದೆ. ಯೋಜನೆ ನಡೆಸುತ್ತಿದ್ದ ಸಂಸ್ಥೆಯೊಳಗೆ ನಾಜಿ ಮೂಲದ ಹೈಡ್ರಾ ಗುಂಪು ಸೇರಿಕೊಂಡಿತ್ತು, ಎಲ್ಲ ಅವರದೇ ಕೆಲಸ ಎಂದು ತಿಳಿಯುತ್ತದೆ. ಒಳ್ಳೆಯ ಉದ್ದೇಶದ, ಚುನಾಯಿತ ಸರ್ಕಾರವೇ ಇಂಥ ಯಂತ್ರ ಕಟ್ಟಿದರೆ ಏನು ಗತಿ ಎಂಬ ನಿಜವಾದ ಭಯ ಅಲ್ಲಿಗೆ ಕರಗುತ್ತದೆ. 2016ರ ‘ಸಿವಿಲ್ ವಾರ್’ ಕೂಡ ಇದೇ ದಾರಿ ಹಿಡಿಯಿತು. 117 ದೇಶಗಳು ಸಹಿ ಹಾಕಿದ ಒಪ್ಪಂದದ ಪ್ರಕಾರ ಸೂಪರ್‌ಹೀರೋಗಳು ವಿಶ್ವಸಂಸ್ಥೆಯ ಅಂಕೆಯಲ್ಲಿರಬೇಕೇ ಬೇಡವೇ ಎಂಬುದು ಅದರ ಪ್ರಶ್ನೆ. ಶಸ್ತ್ರಾಸ್ತ್ರ ಮಾರಿ ಬೆಳೆದ ಟೋನಿ ಸ್ಟಾರ್ಕ್ ಅಂಕೆ ಬೇಕೆನ್ನುತ್ತಾನೆ, ಶಿಸ್ತಿನ ಸೈನಿಕ ಸ್ಟೀವ್ ರೋಜರ್ಸ್ ಬೇಡವೆನ್ನುತ್ತಾನೆ. ಒಂದು ಗಂಟೆ ಒಳ್ಳೆಯ ಚರ್ಚೆ ನಡೆಯುತ್ತದೆ. ಆಮೇಲೆ ಟೋನಿಯ ತಂದೆತಾಯಿಯನ್ನು ಕೊಂದವರಾರು ಎಂಬುದು ಹೊರಬಿದ್ದು ಜಗಳ ಮನೆಯ ವಿಷಯವಾಗುತ್ತದೆ.

ಅಂಕೆಯ ಈ ಪ್ರಶ್ನೆ ಬೇರೊಂದು ಕಡೆಯಿಂದಲೂ ಎದ್ದಿತ್ತು. ಮಾರ್ವೆಲ್ ಚಿತ್ರಗಳಿಗೆ ಅಮೆರಿಕದ ರಕ್ಷಣಾ ಇಲಾಖೆ ವಿಮಾನ, ನೆಲೆ, ಸಿಬ್ಬಂದಿ ಕೊಟ್ಟು ಸಹಕರಿಸುವುದುಂಟು. 2008ರ ‘ಐರನ್ ಮ್ಯಾನ್’, 2019ರ ‘ಕ್ಯಾಪ್ಟನ್ ಮಾರ್ವೆಲ್’ ಎರಡಕ್ಕೂ ವಾಯುಪಡೆಯ ನೆರವಿತ್ತು. 2012ರ ‘ದ ಅವೆಂಜರ್ಸ್’ಗೆ ಮಾತ್ರ ಇಲಾಖೆ ಹಿಂದೆ ಸರಿಯಿತು. ಚಿತ್ರದ ಶೀಲ್ಡ್ ಎಂಬ ಸಂಸ್ಥೆ ಯಾರಿಗೆ ಅಧೀನ, ಸೇನೆ ಅದರ ಮಾತು ಕೇಳಬೇಕೇ ಎಂಬುದು ಅಧಿಕಾರಿಗಳಿಗೆ ಅರ್ಥವಾಗಲಿಲ್ಲ. ವೇಬರನ ವ್ಯಾಖ್ಯಾನವನ್ನು ಯಾವ ವಿಮರ್ಶಕರಿಗಿಂತಲೂ ಗಂಭೀರವಾಗಿ ಪರಿಗಣಿಸಿದ್ದು ಪೆಂಟಗನ್ನೇ ಇರಬೇಕು.

ಈ ಪ್ರಕಾರದಲ್ಲಿ ದೂರಿನ ತೂಕ ನಾಯಕನಿಗೂ ತಟ್ಟಿದ ಚಿತ್ರ ರಯಾನ್ ಕೂಗ್ಲರ್ ಅವರ ‘ಬ್ಲ್ಯಾಕ್ ಪ್ಯಾಂಥರ್’ (2018). ಅದು ಆರಂಭವಾಗುವುದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ, 1992ರಲ್ಲಿ. ರಾಡ್ನಿ ಕಿಂಗ್ ಎಂಬ ಕಪ್ಪು ಜನಾಂಗದವನನ್ನು ಥಳಿಸಿದ ಪೊಲೀಸರು ಖುಲಾಸೆಯಾಗಿ ಲಾಸ್ ಏಂಜಲೀಸ್ ಹೊತ್ತಿ ಉರಿದ ವರ್ಷ ಅದು. ಓಕ್‌ಲ್ಯಾಂಡ್ 1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿದ ಊರು. ಕೂಗ್ಲರ್ ಹುಟ್ಟಿದ್ದೂ ಅಲ್ಲೇ. ಅವರ ಮೊದಲ ಚಿತ್ರ ‘ಫ್ರೂಟ್‌ವೇಲ್ ಸ್ಟೇಷನ್’ (2013) ಅದೇ ಊರಿನ ರೈಲು ನಿಲ್ದಾಣದಲ್ಲಿ 2009ರ ಹೊಸ ವರ್ಷದ ದಿನ ಪೊಲೀಸ್ ಗುಂಡಿಗೆ ಬಲಿಯಾದ ಆಸ್ಕರ್ ಗ್ರಾಂಟ್ ಕುರಿತದ್ದು. ವಕಾಂಡಾ ಎಂಬ ಕಲ್ಪಿತ ಆಫ್ರಿಕನ್ ರಾಜ್ಯ ಯಾರ ವಸಾಹತೂ ಆಗದೆ, ತನ್ನ ಸಿರಿಯನ್ನು ಮುಚ್ಚಿಟ್ಟುಕೊಂಡು ಸುಖವಾಗಿದೆ. ಅದರ ರಾಜಮನೆತನದವನೊಬ್ಬ ಓಕ್‌ಲ್ಯಾಂಡಿನ ಕಪ್ಪು ಜನರ ಪಾಡು ನೋಡಲಾರದೆ ವಕಾಂಡಾದ ಆಯುಧಗಳನ್ನು ಅವರಿಗೆ ಕೊಡಲು ಹೊರಡುತ್ತಾನೆ. ಅವನನ್ನು ಕೊಲ್ಲುವವನು ಅವನ ಅಣ್ಣ, ವಕಾಂಡಾದ ದೊರೆ. ಅನಾಥನಾಗಿ ಉಳಿದ ಮಗನೇ ಖಳನಾಯಕ ಕಿಲ್‌ಮಾಂಗರ್.

ಅವನ ದೂರು ಎರಡು ಕಡೆಗಿದೆ: ಕೊಳ್ಳೆ ಹೊಡೆದವರ ಮೇಲೆ, ಮತ್ತು ಶಕ್ತಿಯಿದ್ದೂ ಸುಮ್ಮನಿದ್ದ ಸ್ವಂತ ಬಳಗದ ಮೇಲೆ. ಲಂಡನ್ನಿನ ವಸ್ತುಸಂಗ್ರಹಾಲಯವೊಂದರಲ್ಲಿ ಆಫ್ರಿಕದ ವಸ್ತುಗಳ ಮುಂದೆ ನಿಂತು, ನಿಮ್ಮ ಹಿರಿಯರು ಇವನ್ನು ಹಣ ಕೊಟ್ಟು ತಂದರೆಂದುಕೊಂಡಿರಾ ಎಂದು ಅವನು ಕೇಳುವ ದೃಶ್ಯ ಕಲ್ಪನೆಯಾದರೂ ಹಿಂದಿನ ಸಂಗತಿ ಕಲ್ಪನೆಯಲ್ಲ. 1897ರಲ್ಲಿ ಬ್ರಿಟಿಷ್ ಸೇನೆ ಬೆನಿನ್ ರಾಜ್ಯವನ್ನು ಸುಲಿದು ತಂದ ಕಂಚಿನ ಶಿಲ್ಪಗಳು ಯುರೋಪಿನ ಸಂಗ್ರಹಾಲಯಗಳಲ್ಲಿವೆ. ಜರ್ಮನಿ 2022ರಲ್ಲಿ ಕೆಲವನ್ನು ನೈಜೀರಿಯಾಕ್ಕೆ ಮರಳಿಸಿತು. ಕಿಲ್‌ಮಾಂಗರ್‌ನ ಎರಡನೆಯ ದೂರು ಇನ್ನೂ ಆಳವಾಗಿ ಇರಿಯುತ್ತದೆ. ಅದನ್ನು ಕೇಳಿದ ಮೇಲೆ ನಾಯಕ ಟಿಚಾಲಾ ಪರಲೋಕದಲ್ಲಿ ಆ ದೊರೆಯಾಗಿದ್ದ ತನ್ನ ತಂದೆಯ ಎದುರು ನಿಂತು, ನೀವು ಮಾಡಿದ್ದು ತಪ್ಪು ಎಂದು ಹೇಳುತ್ತಾನೆ. ಹಳೆಯ ನೀತಿ ಬಿಟ್ಟು ಓಕ್‌ಲ್ಯಾಂಡಿನಲ್ಲಿ, ಚಿಕ್ಕಪ್ಪ ಸತ್ತ ಕಟ್ಟಡದಲ್ಲೇ, ನೆರವಿನ ಕೇಂದ್ರ ತೆರೆಯುತ್ತಾನೆ. ಖಳನಾಯಕನನ್ನು ಸೋಲಿಸಿದರೂ ಅವನ ವಾದಕ್ಕೆ ನಾಯಕ ಅರ್ಧ ಸೋಲುತ್ತಾನೆ. ಉಳಿದರ್ಧದ ಬಗ್ಗೆ ಆಕ್ಷೇಪಗಳು ಬಂದವು. ಕಪ್ಪು ಅಮೆರಿಕನ್ನನೇ ಏಕೆ ಖಳನಾಗಬೇಕಿತ್ತು ಎಂದು ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಕ್ರಿಸ್ಟಫರ್ ಲೆಬ್ರಾನ್ ‘ಬಾಸ್ಟನ್ ರಿವ್ಯೂ’ದಲ್ಲಿ ಕೇಳಿದರು. ತುಳಿತಕ್ಕೊಳಗಾದವರಿಗೆ ಹೊರಟ ಆಯುಧಗಳನ್ನು ತಡೆಯುವವನು ಸಿಐಎ ಅಧಿಕಾರಿ ಎಂಬುದೂ ಸಣ್ಣ ವಿಷಯವಲ್ಲ. 1961ರಲ್ಲಿ ಕೊಲೆಯಾದ ಕಾಂಗೋದ ಪ್ರಧಾನಿ ಪೆಟ್ರಿಸ್ ಲುಮುಂಬಾ ವಿರುದ್ಧ ಸಿಐಎ ಹತ್ಯೆಯ ಸಂಚು ಹೂಡಿದ್ದು ಅಮೆರಿಕದ ಸೆನೆಟ್ ಸಮಿತಿಯೇ ದಾಖಲಿಸಿದ ಸಂಗತಿ. ಅಂಥ ಸಂಸ್ಥೆಯವನು ಆಫ್ರಿಕದ ಗೆಳೆಯನಾಗಿ ಬರುವುದನ್ನು ನಂಬಲು ವಕಾಂಡಾದ ತಂತ್ರಜ್ಞಾನವನ್ನು ನಂಬುವುದಕ್ಕಿಂತ ಹೆಚ್ಚು ಔದಾರ್ಯ ಬೇಕು. ಮೂರು ಆಸ್ಕರ್ ಪಡೆದ, ಅತ್ಯುತ್ತಮ ಚಿತ್ರ ವಿಭಾಗಕ್ಕೆ ನಾಮನಿರ್ದೇಶನಗೊಂಡ ಮೊದಲ ಸೂಪರ್‌ಹೀರೋ ಚಿತ್ರ ಇದು. ನಂತರ ಬಂದವುಗಳಲ್ಲಿ ಇದರ ಮಟ್ಟ ಮುಟ್ಟಿದ್ದು ಕಾಣುವುದಿಲ್ಲ.

ನಾಯಕನನ್ನೇ ತೆಗೆದುಹಾಕಿ ದೂರುಗಾರನನ್ನು ಮಾತ್ರ ಉಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಟಾಡ್ ಫಿಲಿಪ್ಸ್ ನಿರ್ದೇಶನದ ‘ಜೋಕರ್’ (2019) ಉತ್ತರ. ನಗರಪಾಲಿಕೆ ಹಣ ಕಡಿತ ಮಾಡಿದ್ದರಿಂದ, ಮುಂದೆ ಜೋಕರ್ ಆಗುವ ಮಾನಸಿಕ ರೋಗಿ ಆರ್ಥರ್‌ಗೆ ಸಿಗುತ್ತಿದ್ದ ಸಲಹೆ ನಿಲ್ಲುತ್ತದೆ, ಔಷಧಿ ನಿಲ್ಲುತ್ತದೆ. ಅವನಿಗೂ ಅವನ ಮೊರೆ ಕೇಳುವ ಸಮಾಜಸೇವಕಿಗೂ ಬೆಲೆ ಕೊಡುವವರು ಯಾರೂ ಇಲ್ಲ. ಸುರಂಗ ರೈಲಿನಲ್ಲಿ ಅವನು ಮೂವರು ಶ್ರೀಮಂತ ಯುವಕರನ್ನು ಕೊಂದಾಗ ಬಡವರು ಅವನನ್ನು ವೀರನೆನ್ನುತ್ತಾರೆ. 1984ರಲ್ಲಿ ಬರ್ನಾರ್ಡ್ ಗೆಟ್ಸ್ ಎಂಬ ಬಿಳಿಯ ನ್ಯೂಯಾರ್ಕ್ ಸುರಂಗ ರೈಲಿನಲ್ಲಿ ನಾಲ್ವರು ಕಪ್ಪು ಹುಡುಗರಿಗೆ ಗುಂಡು ಹಾರಿಸಿ ಹಲವರ ಪಾಲಿಗೆ ವೀರನಾಗಿದ್ದ. ಚಿತ್ರ ಆ ಘಟನೆಯನ್ನು ನೆನಪಿಸುತ್ತದೆ, ಆದರೆ ಅದರೊಳಗಿನ ವರ್ಣದ್ವೇಷವನ್ನು ತೆಗೆದು ವರ್ಗದ್ವೇಷವನ್ನು ಇಡುತ್ತದೆ. 2024ರ ಎರಡನೆಯ ಭಾಗದಲ್ಲಿ ಆರ್ಥರ್ ನ್ಯಾಯಾಲಯದಲ್ಲಿ ನಿಲ್ಲುತ್ತಾನೆ, ಜೋಕರ್ ಎಂಬುವನಿಲ್ಲ, ಕೊಂದವನು ನಾನೇ ಎಂದು ಒಪ್ಪಿಕೊಳ್ಳುತ್ತಾನೆ. ವಿಚಾರಣೆ, ಸಾಕ್ಷಿ, ತೀರ್ಪು ಎಲ್ಲವೂ ನಿಜವಾದ ನ್ಯಾಯಾಲಯದಲ್ಲಿ ನಡೆಯುವುದು ಈ ಪ್ರಕಾರದಲ್ಲಿ ಅಪರೂಪ. ಪ್ರೇಕ್ಷಕರು ಆ ಚಿತ್ರವನ್ನು ನೆಲಕಚ್ಚಿಸಿದರು. ಚಿತ್ರದಲ್ಲಿ ಬೇರೆ ದೋಷಗಳೂ ಇದ್ದವು ನಿಜ.

ತೆರೆಯ ಮೇಲಿನ ತೀರ್ಪು ಏನೇ ಇರಲಿ, ಬೀದಿಗೆ ಹೋದಾಗ ಜನ ತೆಗೆದುಕೊಂಡದ್ದು ದೂರಿನ ಭಾಗವನ್ನು. 2019ರಲ್ಲಿ ಲೆಬನಾನ್, ಚಿಲಿ, ಹಾಂಗ್‌ಕಾಂಗ್ ಪ್ರತಿಭಟನೆಗಳಲ್ಲಿ ಜೋಕರ್ ಬಣ್ಣ ಬಳಿದ ಮುಖಗಳು ಕಂಡವು. ‘ವಿ ಫಾರ್ ವೆಂಡೆಟಾ’ (2006) ಚಿತ್ರದ ಗೈ ಫಾಕ್ಸ್ ಮುಖವಾಡ 2011ರ ವಾಲ್ ಸ್ಟ್ರೀಟ್ ಚಳವಳಿಯ ಗುರುತಾಯಿತು. ಅದರ ವಿನ್ಯಾಸದ ಹಕ್ಕು ಟೈಮ್ ವಾರ್ನರ್ ಕಂಪನಿಯದಾದ್ದರಿಂದ, ಬಂಡವಾಳಶಾಹಿಯ ವಿರುದ್ಧ ಮಾರಾಟವಾದ ಅಧಿಕೃತ ಮುಖವಾಡಗಳ ಗೌರವಧನ ಅಲ್ಲಿಗೇ ಹೋಯಿತು. ಎಲ್ಲಕ್ಕಿಂತ ಕಳವಳದ ಉದಾಹರಣೆ ಪನಿಶರ್‌ನ ತಲೆಬುರುಡೆ ಚಿಹ್ನೆ. ಕೊಲೆಗಾರರನ್ನು ತಾನೇ ಕೊಲ್ಲುತ್ತಾ ಹೋಗುವ ಆ ಪಾತ್ರದ ಚಿಹ್ನೆಯನ್ನು ಇರಾಕಿನಲ್ಲಿದ್ದ ಅಮೆರಿಕನ್ ಸೈನಿಕರು ಹಾಕಿಕೊಂಡರು, ಪೊಲೀಸರು ಹಾಕಿಕೊಂಡರು, 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದವರಲ್ಲೂ ಕೆಲವರು ಹಾಕಿಕೊಂಡಿದ್ದರು. ಪಾತ್ರದ ಸೃಷ್ಟಿಕರ್ತರಲ್ಲೊಬ್ಬರಾದ ಜೆರಿ ಕಾನ್ವೆ, ಪನಿಶರ್ ನ್ಯಾಯವ್ಯವಸ್ಥೆ ಸೋತದ್ದರ ಗುರುತು, ಕಾನೂನು ಕಾಯುವವರು ಅದನ್ನು ಧರಿಸುವುದು ವಿಪರ್ಯಾಸ ಎಂದು ಮತ್ತೆ ಮತ್ತೆ ಹೇಳಬೇಕಾಯಿತು. ಮಾನವಶಾಸ್ತ್ರಜ್ಞ ಡೇವಿಡ್ ಗ್ರೇಬರ್ 2012ರ ಪ್ರಬಂಧದಲ್ಲಿ ಇದರ ಮೂಲವನ್ನು ಗುರುತಿಸಿದ್ದರು. ಈ ಕಥೆಗಳಲ್ಲಿ ಯೋಜನೆ, ಕಲ್ಪನೆ, ಬದಲಾವಣೆಯ ಹಂಬಲ ಇರುವುದೆಲ್ಲ ಖಳರಿಗೆ; ನಾಯಕರು ಏನಾದರೂ ಆದ ಮೇಲೆ ಬಂದು ಇದ್ದುದನ್ನು ಇದ್ದಂತೆ ಉಳಿಸುವವರು ಎಂಬುದು ಅವರ ಮಾತು.

ಭಾರತದಲ್ಲಿ ಸೂಪರ್‌ಹೀರೋ ಚಿತ್ರ ತಡವಾಗಿ ಬೇರೂರಿತು. ಇಲ್ಲಿ ಮಾಮೂಲಿ ನಾಯಕನೇ ಒಂದು ಏಟಿಗೆ ಹತ್ತು ಜನರನ್ನು ಹಾರಿಸುತ್ತಿದ್ದುದರಿಂದ ಹೊಸದಾಗಿ ಅಂಗಿ ಹೊಲಿಸುವ ಅಗತ್ಯ ಬಿದ್ದಿರಲಿಲ್ಲ. ಕನ್ನಡ ಪ್ರೇಕ್ಷಕರಿಗಂತೂ ಡಬ್ಬಿಂಗ್ ಮೇಲಿದ್ದ ಅಲಿಖಿತ ನಿಷೇಧದಿಂದಾಗಿ ಹಾಲಿವುಡ್‌ನ ಈ ಚಿತ್ರಗಳು ಬಹುಕಾಲ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲೇ ಸಿಕ್ಕವು. ‘ಡಾಕ್ಟರ್ ಸ್ಟ್ರೇಂಜ್’ ಎರಡನೆಯ ಭಾಗ 2022ರಲ್ಲಿ ಕನ್ನಡದಲ್ಲೂ ಬಂತು. ಹಿಂದಿಯ ‘ಕ್ರಿಶ್’, ‘ರಾ.ಒನ್’ ಚಿತ್ರಗಳಲ್ಲಿ ತಂತ್ರವಿತ್ತು, ಸಮಾಜ ಇರಲಿಲ್ಲ. ಸಮಾಜ ಬಂದದ್ದು ಮಲಯಾಳಂ ಮೂಲಕ. ಡೊಮಿನಿಕ್ ಅರುಣ್ ನಿರ್ದೇಶನದ ‘ಲೋಕಾ’ (2025) ನಡೆಯುವುದು ಬೆಂಗಳೂರಿನಲ್ಲಿ. ಕೇರಳದ ಜನಪದ ಕಥೆಗಳ ಯಕ್ಷಿ ನೀಲಿ ಇಲ್ಲಿ ಅಂಗಾಂಗ ಕಳ್ಳಸಾಗಣೆಯ ಜಾಲವನ್ನೂ ಅದಕ್ಕೆ ಬೆಂಬಲವಾದ ಹೆಣ್ಣುದ್ವೇಷಿ ಪೊಲೀಸ್ ಇನ್ಸ್‌ಪೆಕ್ಟರ್‌ನನ್ನೂ ಎದುರಿಸುತ್ತಾಳೆ. ಅವಳ ಪೂರ್ವಕಥೆ ದೇವಸ್ಥಾನ ಪ್ರವೇಶಿಸಿದ ತಪ್ಪಿಗೆ ರಾಜನಿಂದ ನಾಶವಾದ ಬುಡಕಟ್ಟಿನದು. ದೂರು ಇಲ್ಲಿ ನಾಯಕಿಯದೇ, 1938ರ ಸೂಪರ್‌ಮ್ಯಾನ್‌ನ ನಂತರ ಅಪರೂಪವಾಗಿ ಕಾಣುವ ಸ್ಥಿತಿ. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಚಿತ್ರದಲ್ಲಿದ್ದ ಒಂದು ಮಾತಿಗೆ ಕರ್ನಾಟಕದಲ್ಲಿ ಆಕ್ಷೇಪ ಬಂದಾಗ ನಿರ್ಮಾಪಕರು ಕ್ಷಮೆ ಕೇಳಿ ಅದನ್ನು ತೆಗೆಯುವುದಾಗಿ ಹೇಳಿದರು.

ಇದಕ್ಕಿಂತ ನಾಲ್ಕು ವರ್ಷ ಮೊದಲು ಬಂದ, ಬೇಸಿಲ್ ಜೋಸೆಫ್ ನಿರ್ದೇಶನದ ‘ಮಿನ್ನಲ್ ಮುರಳಿ’ (2021) ಹೆಚ್ಚು ಗಟ್ಟಿಯಾದ ಚಿತ್ರ. ತೊಂಬತ್ತರ ದಶಕದ ಕುರುಕ್ಕನ್‌ಮೂಲ ಎಂಬ ಕಲ್ಪಿತ ಹಳ್ಳಿಯಲ್ಲಿ ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಬಡಿದು ಇಬ್ಬರಿಗೂ ಒಂದೇ ಶಕ್ತಿ ಬರುತ್ತದೆ. ಅಮೆರಿಕಕ್ಕೆ ಹೋಗುವ ಕನಸಿನ ದರ್ಜಿ ಜೈಸನ್ ಊರಿನ ಮಗ; ಚಹಾ ಅಂಗಡಿಯಲ್ಲಿ ದುಡಿಯುವ ಶಿಬು ಊರವರಿಂದ ಹುಚ್ಚನೆನ್ನಿಸಿಕೊಂಡು ದೂರವಿಟ್ಟವನು, ತಮಿಳು ಮೂಲದ ಪರಕೀಯ. ಶಕ್ತಿ ಒಂದೇ ಆದ್ದರಿಂದ ಒಬ್ಬ ನಾಯಕ, ಇನ್ನೊಬ್ಬ ಖಳ ಆಗುವುದನ್ನು ನಿರ್ಧರಿಸುವುದು ಊರು. ಶಿಬು ಮೊದಲ ಸಲ ಕಳ್ಳತನಕ್ಕಿಳಿಯುವುದು ತಾನು ಪ್ರೀತಿಸಿದ ಉಷಾಳ ಮಗುವಿನ ಶಸ್ತ್ರಚಿಕಿತ್ಸೆಯ ಹಣಕ್ಕಾಗಿ. ಕೊನೆಗೂ ಉಷಾ ಅವನ ಜೊತೆ ಬದುಕಲು ಒಪ್ಪಿದ ಹೊತ್ತಿಗೆ, ರೊಚ್ಚಿಗೆದ್ದ ಊರವರು ಹಚ್ಚಿದ ಬೆಂಕಿಯಲ್ಲಿ ಅವಳು ಸಾಯುತ್ತಾಳೆ. ಗುರು ಸೋಮಸುಂದರಂ ಅವರ ಅಭಿನಯದಲ್ಲಿ ಶಿಬು ಜೈಸನ್‌ಗಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತಾನೆ. ಹಾಲಿವುಡ್‌ನ ಖಳರ ದೂರು ವ್ಯವಸ್ಥೆಯಂಥ ದೊಡ್ಡ, ಮುಖವಿಲ್ಲದ ಶತ್ರುವಿನ ಮೇಲೆ. ಶಿಬುವಿನ ದೂರು ಹೆಸರು ಹಿಡಿದು ಕರೆಯಬಹುದಾದ ನೂರಿನ್ನೂರು ಜನರ ಮೇಲೆ, ಅವರೆಲ್ಲ ಕೊನೆಯ ದೃಶ್ಯದಲ್ಲಿ ಎದುರಿಗೇ ಇದ್ದಾರೆ. ಜೈಸನ್ ಅವರನ್ನು ಕಾಪಾಡಿ ಶಿಬುವನ್ನು ಕೊಲ್ಲುತ್ತಾನೆ. ಬೆಂಕಿ ಹಚ್ಚಿದವರನ್ನು ವಿಚಾರಿಸುವ ಕೆಲಸ ಅವನದೂ ಆಗುವುದಿಲ್ಲ, ಪೊಲೀಸರದೂ ಆಗುವುದಿಲ್ಲ.